ಮುಂದಿನ ಮಳೆಗಾಲದ ಪಟ್ಟಿ

ಡಿಸೆಂಬರು ಮುಗಿಯುತ್ತ ಬಂತೆಂದರೆ ನಮ್ಮ ಕಡೆ ಒಬ್ಬೊಬ್ಬರಿಗೆ ಒಂದೊಂದು ಚಿಂತೆ. ತೋಟವುಳ್ಳವರಿಗೆ ಅಡಿಕೆ ಕೊಯ್ಲಿನ ಚಿಂತೆ. ಮಕ್ಕಳಿಗೆ ಶಾಲೆಯ ಪ್ರವಾಸದ ಚಿಂತೆ. ಆಟದ ಹುಚ್ಚಿನವರಿಗೆ ಇವತ್ತು ಯಾವ ಮೇಳ ಯಾವ ಊರಿನಲ್ಲಿ ಎಂಬ ಚಿಂತೆ. ನನ್ನೊಬ್ಬನದು ಮಾತ್ರ ಮುಂದಿನ ಮಳೆಗಾಲದ ಚಿಂತೆ. ಹೊರಗೆ ಆಕಾಶ ತೊಳೆದಿಟ್ಟಂತೆ ಇರುವಾಗ ನಾನು ಹೊಸ ಕ್ಯಾಲೆಂಡರನ್ನು ಮಡಿಲಲ್ಲಿಟ್ಟುಕೊಂಡು, ಜೂನಿನಿಂದ ಅಕ್ಟೋಬರಿನವರೆಗಿನ ಹಾಳೆಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಕೂರುತ್ತೇನೆ. ಅದನ್ನು ಕಂಡು ಮನೆಯವಳು, "ಈ ಮನುಷ್ಯನಿಗೆ ಬಿಸಿಲು ಕಂಡರಾಗದು" ಎಂದು ನೆರೆಯವರ ಮುಂದೆ ಹೇಳುವುದುಂಟು.

ವಿಷಯ ಇಷ್ಟೆ. ಹೊನ್ನಾವರದ ಸುತ್ತಮುತ್ತಲಿನ ನಾವು ಹತ್ತು ಹನ್ನೆರಡು ಮಂದಿ ಸೇರಿ ಮಳೆಗಾಲದಲ್ಲಿ ತಾಳಮದ್ದಳೆ ನಡೆಸುತ್ತೇವೆ. ಮದ್ದಳೆಯವರು ಭಟ್ಕಳ ತಾಲೂಕಿನ ಶಿರಾಲಿಯಿಂದ ಶರಾವತಿ ದಾಟಿ ಬರುತ್ತಾರೆ. ನನ್ನ ಅಕ್ಕನ ಗಂಡ, ಅಂದರೆ ಭಾವ, ಕುಮಟಾದವರು. ಉಳಿದವರು ನಮ್ಮಲ್ಲಿಯವರೇ: ನಿವೃತ್ತ ಮಾಸ್ತರರು, ಒಬ್ಬ ಔಷಧದ ಅಂಗಡಿಯವರು, ಇಬ್ಬರು ತೋಟಿಗರು. ಯಾವ ದಿನ, ಯಾರ ಮನೆಯ ಜಗಲಿ, ಯಾವ ಪ್ರಸಂಗ, ಯಾರಿಗೆ ಯಾವ ಪಾತ್ರ ಎಂಬ ನಾಲ್ಕು ಕಲಮುಗಳ ಪಟ್ಟಿಯನ್ನು ಹಾಕುವ ಕೆಲಸ ಇಪ್ಪತ್ತು ವರ್ಷಗಳಿಂದ ನನ್ನ ಕೊರಳಿಗೆ ಬಿದ್ದಿದೆ. ಭಾಗವತರು ವೃತ್ತಿಯವರು, ದೀಪಾವಳಿ ಕಳೆದರೆ ಅವರಿಗೆ ಮೇಳದ ತಿರುಗಾಟ, ಮಳೆ ಹಿಡಿದ ಮೇಲೆಯೇ ಬಿಡುವು. ಆ ಬಿಡುವಿನ ದಿನಗಳನ್ನು ಈಗಲೇ ಹೇಳಿ ಇಡದಿದ್ದರೆ ಬೇರೆ ಊರಿನವರು ಹಿಡಿದುಬಿಡುತ್ತಾರೆ.

ಪಟ್ಟಣದ ಓದುಗರಿಗೆ ಯಕ್ಷಗಾನವೆಂದರೆ ಕಿರೀಟ, ಗೆಜ್ಜೆ, ಕುಣಿತ. ಇವೆಲ್ಲವನ್ನೂ ಕಳೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಚಂಡೆ ಮದ್ದಳೆಗಳು ಜೊತೆಗೂಡುತ್ತವೆ. ಪಂಚೆ ಶಾಲು ಹೊದ್ದ ನಾವು ಎದುರು ಬದುರು ಕೂತು, ಒಬ್ಬ ಕರ್ಣನಾಗಿ, ಒಬ್ಬ ಶಲ್ಯನಾಗಿ, ಪದ್ಯದ ಅರ್ಥವನ್ನು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಆಡುತ್ತೇವೆ. ಬರೆದುಕೊಟ್ಟ ಮಾತಿಲ್ಲ, ಅಭ್ಯಾಸದ ಸರದಿಯಿಲ್ಲ. ಎದುರಿನವನು ಏನು ಕೇಳುತ್ತಾನೆಂಬುದು ಅವನು ಬಾಯಿ ತೆರೆಯುವವರೆಗೆ ನಮಗೆ ತಿಳಿಯದು. ಇದು ನಿನ್ನೆ ಮೊನ್ನೆಯದೂ ಅಲ್ಲ. ಬಳ್ಳಾರಿ ಸೀಮೆಯ ಕುರುಗೋಡಿನಲ್ಲಿ 1556ರ ಒಂದು ಶಾಸನವಿದೆ. ತಾಳಮದ್ದಳೆಯವರಿಗೆ ಭೂಮಿಯನ್ನು ಬಿಟ್ಟ ಸಂಗತಿ ಅದರಲ್ಲಿದೆ. ನಮಗೆ ಈಗ ಭೂಮಿ ಕೊಡುವವರಿಲ್ಲ. ಅವಲಕ್ಕಿ, ಕಷಾಯ ಕೊಡುತ್ತಾರೆ. ಅದೇನೂ ಕಡಮೆಯದಲ್ಲ.

ಈ ಸಲ ಪಟ್ಟಿ ಹಾಕುವ ಹೊತ್ತಿಗೆ ಬೆಂಗಳೂರಿನಲ್ಲಿ ಓದುವ ಮೊಮ್ಮಗ ರಜೆಗೆ ಬಂದಿದ್ದ. ಅವನೂ ಒಂದು ದಪ್ಪ ನೋಟುಬುಕ್ಕು ತೆಗೆದುಕೊಂಡು ನನ್ನ ಎದುರಿಗೇ ಕೂತು ಏನೋ ಬರೆಯತೊಡಗಿದ. ಪರೀಕ್ಷೆಯ ಓದೆಂದು ಸಂತೋಷಪಟ್ಟೆ. ಇಣುಕಿ ನೋಡಿದರೆ ಬೆಟ್ಟ, ನದಿ, ಕೋಟೆಗಳ ನಕ್ಷೆ. ಪಕ್ಕದಲ್ಲಿ ಒಬ್ಬ ಮಂತ್ರವಾದಿಯ ವಂಶಾವಳಿ.

"ಇದೆಂತದೋ ಮಾಣಿ?"

"ಬರುವ ವರ್ಷದ ಆಟ, ಅಜ್ಜ."

ಅವನು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಪುಸ್ತಕರೂಪದಲ್ಲಿ ಹೊರತಂದರು. ಅದಕ್ಕೆ ಮೊದಲು ಮೇಜಿನ ಮೇಲೆ ಗೊಂಬೆ ಸೈನಿಕರನ್ನಿಟ್ಟು ಯುದ್ಧದ ಆಟ ಆಡುವವರಿದ್ದರು. ಇವರು ಸೇನೆಯ ಬದಲು ಒಬ್ಬೊಬ್ಬರಿಗೆ ಒಬ್ಬೊಬ್ಬ ವೀರನನ್ನು ಕೊಟ್ಟರು. ನಾಲ್ಕೈದು ಗೆಳೆಯರು ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಯೋಧ, ಒಬ್ಬ ಮಂತ್ರಗಾರ, ಒಬ್ಬ ಕಳ್ಳ. ನಡುವೆ ಒಬ್ಬ ಸೂತ್ರಧಾರ. ಲೋಕವೆಲ್ಲ ಅವನ ಕೈಯಲ್ಲಿ. "ಎದುರಿಗೆ ಬಾಗಿಲಿದೆ, ಒಳಗೆ ಸದ್ದಾಗುತ್ತಿದೆ, ಏನು ಮಾಡುವಿರಿ?" ಎಂದು ಅವನು ಕೇಳಬೇಕು, ಇವರು ತಮ್ಮ ತಮ್ಮ ಪಾತ್ರವಾಗಿ ಉತ್ತರ ಹೇಳಬೇಕು. ಸೋಲು ಗೆಲುವಿನ ಸಂಶಯ ಬಂದಲ್ಲಿ ಇಪ್ಪತ್ತು ಮುಖದ ದಾಳವನ್ನು ಉರುಳಿಸುತ್ತಾರೆ. ಒಂದು ಕಥೆ ಒಂದು ರಾತ್ರಿಗೆ ಮುಗಿಯದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆದೀತು. ಇಂಥ ದೀರ್ಘ ಕಥೆಗೆ ಕ್ಯಾಂಪೇನ್ ಎಂದು ಹೆಸರು. ಮೊಮ್ಮಗ ತನ್ನ ಗೆಳೆಯರ ಕೂಟಕ್ಕೆ ಸೂತ್ರಧಾರ.

"ಹಾಗಾದರೆ ನೀನು ಭಾಗವತ" ಎಂದೆ. "ದಾಳವೊಂದು ಬೇಡವಾಗಿತ್ತು ನೋಡು. ದಾಳ ಅಂದರೆ ನಮಗೆ ಶಕುನಿಯ ನೆನಪಾಗುತ್ತದೆ."

ಅವನು ನಕ್ಕ. ಆಮೇಲೆ ನನ್ನ ಪಟ್ಟಿಯನ್ನು ಎಳೆದುಕೊಂಡು ಓದಿದ: ವಾಲಿಮೋಕ್ಷ, ಸುಧನ್ವಾರ್ಜುನ, ಕೃಷ್ಣಸಂಧಾನ, ಕರ್ಣಪರ್ವ.

"ಅಜ್ಜ, ನಮ್ಮ ಕಥೆ ಹೇಗೆ ಮುಗಿಯುತ್ತದೆಂದು ನನಗೂ ಗೊತ್ತಿಲ್ಲ. ನಿಮ್ಮದು ಎಲ್ಲರಿಗೂ ಗೊತ್ತು. ವಾಲಿ ಸಾಯುತ್ತಾನೆ, ಸಂಧಾನ ಮುರಿಯುತ್ತದೆ. ಮತ್ತೆ ನೀವು ಒಂದು ವಾರದಿಂದ ಯೋಚಿಸುವುದು ಏನನ್ನು?"

ಪ್ರಶ್ನೆ ಸಣ್ಣದಲ್ಲ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದೆ: ನಮ್ಮ ತಾಲೂಕಿನ ಗುಣವಂತೆಯಲ್ಲಿ 1934ರಲ್ಲಿ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರ ದುರ್ಯೋಧನನನ್ನು ನೋಡಲು ಜನ ಮೈಲಿಗಟ್ಟಲೆ ನಡೆದು ಹೋಗುತ್ತಿದ್ದರು. ದುರ್ಯೋಧನ ಗೆದ್ದಾನೆಂದು ಯಾರೂ ಹೋದದ್ದಲ್ಲ. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮ ಇವತ್ತು ಏನು ಉತ್ತರ ಕೊಟ್ಟಾನು ಎಂದು ಸಭೆ ಉಸಿರು ಹಿಡಿದು ಕೂರುತ್ತಿತ್ತು. ಯುದ್ಧದ ಫಲ ಮೊದಲೇ ಗೊತ್ತು; ವಾದದ ಫಲ ಗೊತ್ತಿಲ್ಲ. ಆದ್ದರಿಂದ ನಾನು ಯೋಚಿಸುವುದು ಕಥೆಯನ್ನಲ್ಲ, ಯಾರ ಎದುರು ಯಾರನ್ನು ಕೂರಿಸಬೇಕು ಎಂಬುದನ್ನು. ಇಬ್ಬರು ಮಾತಿನ ಮಲ್ಲರನ್ನು ಕೂರಿಸಿದರೆ ಬೆಳಗಾದರೂ ಶಲ್ಯ ರಥ ಇಳಿಯುವುದಿಲ್ಲ. ಇಬ್ಬರು ಸಂಕೋಚದವರನ್ನು ಕೂರಿಸಿದರೆ ಒಂಬತ್ತು ಗಂಟೆಗೇ ಮಂಗಳ. ಜಗಳಗಂಟನ ಎದುರಿಗೆ ತಾಳ್ಮೆಯವನು ಬೇಕು. ಹೊಸಬನ ಎದುರಿಗೆ, ಸೋಲಿಸುವ ಶಕ್ತಿಯಿದ್ದೂ ಸೋಲಿಸದವನು ಬೇಕು.

"ನಾನೂ ಮೊದಲು ಅದನ್ನೇ ನೋಡುವುದು" ಎಂದ ಮೊಮ್ಮಗ. "ನಮ್ಮಲ್ಲಿ ಒಬ್ಬನಿದ್ದಾನೆ, ಮಾತೇ ಆಡುವುದಿಲ್ಲ. ಮೂಲೆಯಲ್ಲಿ ಕೂತು ದಾಳ ಎಸೆಯುತ್ತಾನೆ, ಅಷ್ಟೆ. ಅವನಿಗಾಗಿ ಮಾರ್ಚಿಯಲ್ಲಿ ಒಂದು ಕೋಟೆ ಇಟ್ಟಿದ್ದೇನೆ. ಅದರ ಬಾಗಿಲು ಅವನೊಬ್ಬನ ಮಾತಿಗೆ ಮಾತ್ರ ತೆರೆಯುತ್ತದೆ. ಅವನು ಏನು ಹೇಳುತ್ತಾನೋ ನನಗೆ ಗೊತ್ತಿಲ್ಲ. ಕೇಳುವುದನ್ನು ಮಾತ್ರ ಬರೆದಿಟ್ಟಿದ್ದೇನೆ."

ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಏಕೆಂದರೆ ನನ್ನ ಪಟ್ಟಿಯಲ್ಲಿ ಒಂದು ಮನೆ ವಾರದಿಂದ ಖಾಲಿ ಇತ್ತು. ಕರ್ಣಪರ್ವದಲ್ಲಿ ಕರ್ಣ ಯಾರು?

ಮೂವತ್ತು ವರ್ಷ ಆ ಪ್ರಶ್ನೆಯನ್ನು ಕೇಳುವ ಕಾರಣವಿರಲಿಲ್ಲ. ಕರ್ಣನೆಂದರೆ ಭಾವ. ಕಳೆದ ಆಗಸ್ಟಿನಲ್ಲಿ ಕುಮಟಾದ ಹತ್ತಿರದ ಒಂದು ಮನೆಯಲ್ಲಿ ಕೂಟ ನಡೆಯಿತು. ಭಾವ ಕರ್ಣ, ನಾನು ಅರ್ಜುನ. ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಸರ್ಪಾಸ್ತ್ರ ತಪ್ಪಿತು, ಶಲ್ಯ ರಥವಿಳಿದು ಹೋದ, ಗಾಲಿ ನೆಲದಲ್ಲಿ ಹೂತಿತು. ಇನ್ನು ಪರಶುರಾಮರ ಶಾಪವನ್ನು ನೆನೆಯುವ ಭಾಗ. ಬೇಕಾದ ಹೊತ್ತಿಗೆ ಮಂತ್ರ ಮರೆತುಹೋಗಲಿ ಎಂಬ ಆ ಶಾಪ. ಭಾವ, "ಅಂದು ಗುರುಗಳು..." ಎಂದು ತೊಡಗಿದರು. ಅಲ್ಲಿಗೆ ನಿಂತರು. ಮದ್ದಳೆಯವರು ಒಂದು ಪೆಟ್ಟು ಹಾಕಿ ಕಾದರು. ಭಾವ ನನ್ನ ಕಡೆ ನೋಡಿದರು. ಅದು ಕರ್ಣ ಅರ್ಜುನನನ್ನು ನೋಡುವ ನೋಟವಾಗಿರಲಿಲ್ಲ. ಬಹಳ ಹೊತ್ತಿನ ಮೇಲೆ ಮೆಲ್ಲಗೆ, "ಮರೆತುಹೋಯಿತು. ಎಲ್ಲವೂ ಮರೆತುಹೋಯಿತು" ಎಂದರು. ಸಭೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಭಾಗವತರು ಸ್ವರ ಇಳಿಸಿ ಮುಂದಿನ ಪದ್ಯ ಎತ್ತಿಕೊಂಡರು.

ಊಟದ ಪಂಕ್ತಿಯಲ್ಲಿ ಅದೇ ಮಾತು: ಶಾಪವನ್ನು ಹೀಗೆ ತಂದವರಿಲ್ಲ, ಎಂಥ ಕಲ್ಪನೆ, ಎಂಥ ಮೌನ! ಕೈ ತೊಳೆಯಲು ಹೋದಾಗ ಭಾವ ನನ್ನ ಪಕ್ಕಕ್ಕೆ ಬಂದು, "ಭಾವ, ಮಹೇಂದ್ರ ಪರ್ವತದಲ್ಲಿ ಏನಾಯಿತು? ಶಾಪ ಯಾಕೆ ಬಂತು?" ಎಂದು ಕೇಳಿದರು. ಮೂವತ್ತು ವರ್ಷ ಸಾವಿರ ಜನಕ್ಕೆ ಆ ಕಥೆ ಹೇಳಿದವರು. ನಾನು ಹೇಳಿದೆ: ನಿಮ್ಮ ತೊಡೆಯ ಮೇಲೆ ಗುರು ಮಲಗಿದ್ದರು, ಹುಳ ಕೊರೆಯಿತು, ನೀವು ಅಲುಗಲಿಲ್ಲ. "ಹೌದು ಹೌದು" ಎಂದರು, ಬೇರೆ ಯಾರದೋ ಸುದ್ದಿ ಕೇಳಿದಂತೆ.

ಕೂಟದವರಲ್ಲಿ ಎರಡು ಮಾತಾಯಿತು. ಗೌರವವಾಗಿ ಶಾಲು ಹೊದಿಸಿ ಇಷ್ಟಕ್ಕೇ ಬಿಡೋಣ, ಜನ ಅದನ್ನು ಕಲೆಯೆಂದು ತಿಳಿದಿರುವಾಗಲೇ ನಿಲ್ಲಲಿ ಎಂದು ಕೆಲವರು. ಅವರ ಮಾತಿನಲ್ಲಿ ಪ್ರೀತಿ ಇಲ್ಲದೆ ಇಲ್ಲ. ಕೇಳಲು ಬಂದವರಿಗೂ ನಮ್ಮ ಮೇಲೆ ಹಕ್ಕಿದೆ. ಒಬ್ಬರ ಸಂಕಟವನ್ನು ಸಭೆಯ ನಡುವೆ ಕೂರಿಸುವುದು ದಯೆಯೋ ಕ್ರೌರ್ಯವೋ ನನಗೂ ತಿಳಿಯದು. ಆದರೆ ಅಕ್ಕ ಫೋನು ಮಾಡಿ ಹೇಳಿದ್ದು ಇನ್ನೊಂದು: "ಕರೆಯದೆ ಇರಬೇಡ ತಮ್ಮ. ಬೆಳಿಗ್ಗೆ ಎದ್ದು ಗೋಡೆಗೆ ಅರ್ಥ ಹೇಳುತ್ತಾರೆ. ಗೋಡೆ ತಿರುಗಿ ಏನೂ ಕೇಳುವುದಿಲ್ಲ ನೋಡು, ಅಲ್ಲಿಗೇ ನಿಂತುಬಿಡುತ್ತಾರೆ."

ಗೋಡೆ ತಿರುಗಿ ಕೇಳುವುದಿಲ್ಲ. ಮೊಮ್ಮಗನ ಕೋಟೆಯ ಬಾಗಿಲನ್ನೂ ಅಕ್ಕನ ಗೋಡೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೊಂದು ದಾರಿ ಕಂಡಿತು. ದೊಡ್ಡ ಕೂಟಗಳಲ್ಲಿ ಒಂದೇ ಪಾತ್ರವನ್ನು ಇಬ್ಬರಿಗೆ ಹಂಚುವ ಪದ್ಧತಿ ಇದೆ. ಅದರಲ್ಲಿ ಅವಮಾನವೇನೂ ಇಲ್ಲ. ಯುದ್ಧಕ್ಕೆ ಹೊರಡುವ, ಶಲ್ಯನೊಡನೆ ಕಾದಾಡುವ ಕರ್ಣ ಔಷಧದ ಅಂಗಡಿಯವರ ಮಗನಿಗೆ ಇರಲಿ. ಗಾಲಿ ಹೂತ ಮೇಲಿನ ಕರ್ಣ ಭಾವನಿಗೆ. ಅಲ್ಲಿ ಕೃಷ್ಣ ಬ್ರಾಹ್ಮಣನ ವೇಷದಲ್ಲಿ ಬಂದು ಬಿದ್ದವನನ್ನು ದಾನ ಬೇಡುತ್ತಾನೆ. ಆ ಬ್ರಾಹ್ಮಣ ನಾನಾಗುತ್ತೇನೆ. ತಾಳಮದ್ದಳೆಯಲ್ಲಿ ಪ್ರಶ್ನೆ ಕೇಳುವುದಕ್ಕೆ ಎರಡು ಬಗೆ: ಎದುರಾಳಿ ತಡವರಿಸುವಂತೆ ಕೇಳುವುದು ಒಂದು, ಉತ್ತರವನ್ನು ಪ್ರಶ್ನೆಯ ಒಳಗೇ ಇಟ್ಟು ಕೇಳುವುದು ಇನ್ನೊಂದು. "ಗುರುವಿನ ನಿದ್ದೆ ಕೆಡದಿರಲೆಂದು ತೊಡೆಯನ್ನೇ ಹುಳಕ್ಕೆ ಒಡ್ಡಿದ ನೀನು, ಈ ಬಡವನಿಗೆ ಇಲ್ಲವೆನ್ನುವೆಯಾ?" ಎಂದು ಕೇಳಿದರೆ ಕಥೆ ಅವರ ಕೈಗೆ ಬಂದಂತಾಯಿತು. ಅವರು ಏನು ಹೇಳುತ್ತಾರೋ ನಾನು ಬರೆದಿಡಲಾರೆ. ಕೇಳುವುದನ್ನು ಬರೆದಿಡಬಲ್ಲೆ. ನಾಲ್ಕು ಹಾಳೆ ಬರೆದೆ.

ಮರುದಿನ ಪಟ್ಟಿ ಹಿಡಿದು ರೈಲಿನಲ್ಲಿ ಕುಮಟಾಕ್ಕೆ ಹೋದೆ. ದಾರಿಯುದ್ದಕ್ಕೂ ಎದೆ ಡವಗುಟ್ಟುತ್ತಿತ್ತು. ಭಾವ ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದರು.

"ಎರಡನೆಯ ಕರ್ಣ ನಾನೋ?"

"ಹೌದು ಭಾವ."

ಅಕ್ಕ ಕಷಾಯ ತಂದಿಟ್ಟು ಬಾಗಿಲಲ್ಲೇ ನಿಂತಳು. ಭಾವ ತುಸು ಹೊತ್ತು ಅಂಗಳದ ಕಡೆ ನೋಡಿದರು. ಅವರಿಗೆ ಎಲ್ಲವೂ ತಿಳಿಯಿತೆಂದು ನನಗನಿಸಿತು.

"ಮೊದಲಿನ ಕರ್ಣನಿಗೆ ಸಿಟ್ಟು ಬೇಕು. ಹುಡುಗನಲ್ಲಿ ಅದಿದೆ" ಎಂದರು. ಮತ್ತೆ, "ಬ್ರಾಹ್ಮಣ ಯಾರು?"

"ನಾನೇ."

"ಹಾಗಾದರೆ ಅಡ್ಡಿಯಿಲ್ಲ. ನೀನು ಕೇಳು ಭಾವ, ನಾನು ಕೊಡುತ್ತೇನೆ."

ಮನೆಗೆ ಬಂದು ಮೊಮ್ಮಗನಿಗೆ ಇದನ್ನು ಹೇಳಿದೆ. ಅವನು ಸೂತ್ರಧಾರನಲ್ಲವೆ, ಒಡನೆ ಕೇಳಿದ: "ಆಗಸ್ಟಿನ ಹೊತ್ತಿಗೆ ಇನ್ನೂ ಹೆಚ್ಚು ಮರೆತರೆ?"

"ಮರೆತರೆ ಭಾಗವತರಿದ್ದಾರೆ, ಪದ್ಯ ಎತ್ತುತ್ತಾರೆ. ಅವರು ಎತ್ತುವವರೆಗೆ ನಾನು ಎದುರಿಗಿದ್ದೇನೆ" ಎಂದೆ.

ಮೊನ್ನೆ ಅವನು ನೋಟುಬುಕ್ಕು ಕಟ್ಟಿಕೊಂಡು ಬೆಂಗಳೂರಿಗೆ ಹೊರಟ. ಕರ್ಣಪರ್ವದ ತಾರೀಖನ್ನು ಬರೆದುಕೊಂಡಿದ್ದಾನೆ. ಗೆಳೆಯರನ್ನೂ ಕರೆತರುತ್ತಾನಂತೆ, ಆ ಮಾತಾಡದ ಹುಡುಗನನ್ನೂ. ಅವನಿಗೊಂದು ಸಣ್ಣ ಪಾತ್ರ ಕೊಡಬಹುದೇ ಎಂದು ಪಟ್ಟಿಯನ್ನು ಮತ್ತೆ ಬಿಚ್ಚಿ ಕೂತಿದ್ದೇನೆ. ಕೃಷ್ಣಸಂಧಾನದಲ್ಲಿ ಒಬ್ಬ ದೂತನಿಗೆ ಸ್ಥಳವಿದೆ. ಬಾಗಿಲಲ್ಲಿ ಕೃಷ್ಣ ಬಂದಿದ್ದಾನೆಂದು ಒಂದು ಮಾತು ಹೇಳಿದರೆ ಸಾಕು.