ಸಂಜೆ ಐದರ ಕೂಲಿ

ಬಾಳಿಗೆ ಅರ್ಥವೇನು ಎಂಬ ಪ್ರಶ್ನೆಯನ್ನು ಕೈತುಂಬ ಕೆಲಸವಿರುವವನು ಕೇಳುವುದು ಅಪರೂಪ. ಬೆಳಿಗ್ಗೆ ಎದ್ದು ಲೋಕಲ್ ಗಾಡಿ ಹಿಡಿಯಲು ಓಡಬೇಕಾದವನಿಗೆ ಅದಕ್ಕೆ ಪುರುಸೊತ್ತಾದರೂ ಎಲ್ಲಿ? ಮಕ್ಕಳ ಶಾಲೆಯ ಫೀ, ಮನೆಯ ಬಾಡಿಗೆ, ಊರಿಗೆ ಕಳಿಸಬೇಕಾದ ಹಣ, ಇವೇ ಬಾಳಿನ ಅರ್ಥವಾಗಿ ಮೂವತ್ತು ನಾಲ್ವತ್ತು ವರುಷಗಳು ಸರಿದುಹೋಗುತ್ತವೆ. ಆ ಪ್ರಶ್ನೆ ಬಂದು ಬಾಗಿಲು ತಟ್ಟುವುದು ನಿವೃತ್ತಿಯ ಮರುದಿನ. ಮನೆಯಲ್ಲಿ ಸಾವಾದರಂತೂ ಅದು ತಟ್ಟುವ ಗೋಜಿಗೂ ಹೋಗದೆ ನೆಟ್ಟಗೆ ಒಳಗೆ ಬಂದು ಕುಳಿತುಬಿಡುತ್ತದೆ.

ನನ್ನ ಪಾಲಿಗೆ ಎರಡೂ ಒಂದೇ ವರುಷದಲ್ಲಿ ಆದವು. ಮೂವತ್ತಾರು ವರುಷ ಮುಂಬಯಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದವನು ನಾನು. ನಿವೃತ್ತನಾದ ಐದನೆಯ ತಿಂಗಳಿಗೆ ಹೆಂಡತಿ ತೀರಿಕೊಂಡಳು. ನಮ್ಮದು ತಲೆಮಾರುಗಳಿಂದ ಧಾರವಾಡದ ಬಾಸೆಲ್ ಮಿಶನ್ ಸಭೆಗೆ ಸೇರಿದ ಮನೆತನ. ಸಂಜೆಯ ಪ್ರಾರ್ಥನೆ, ಭಾನುವಾರದ ಆರಾಧನೆ ಎಂದೂ ತಪ್ಪಿದ್ದಿಲ್ಲ. ಸಭೆಯ ಹಿರಿಯರು ಮನೆಗೆ ಬಂದು, ಆಕೆ ಕರ್ತನ ಬಳಿಗೆ ಹೋದಳೆಂದು ಸಮಾಧಾನ ಹೇಳಿದರು. ಆ ಮಾತನ್ನು ನಾನು ನಂಬಿದೆ, ಈಗಲೂ ನಂಬುತ್ತೇನೆ. ಆಕೆ ಎಲ್ಲಿಗೆ ಹೋದಳೆಂಬುದು ನನಗೆ ಗೊತ್ತಿತ್ತು. ನಾನು ಏಕೆ ಉಳಿದೆನೆಂಬುದು ಗೊತ್ತಿರಲಿಲ್ಲ.

ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಒಂದು ಸಾಮ್ಯವಿದೆ. ಒಬ್ಬ ತೋಟದ ಯಜಮಾನ ನಸುಕಿನಲ್ಲೇ ಪೇಟೆಗೆ ಹೋಗಿ, ದಿನಕ್ಕೆ ಇಷ್ಟೆಂದು ಗೊತ್ತುಮಾಡಿ ಆಳುಗಳನ್ನು ತನ್ನ ದ್ರಾಕ್ಷೆಯ ತೋಟಕ್ಕೆ ಕಳಿಸುತ್ತಾನೆ. ಮತ್ತೆ ಒಂಬತ್ತು ಗಂಟೆಗೆ, ಹನ್ನೆರಡಕ್ಕೆ, ಮೂರಕ್ಕೆ ಹೋಗಿ ಇನ್ನಷ್ಟು ಜನರನ್ನು ಕರೆಯುತ್ತಾನೆ. ಕಡೆಗೆ ಸಂಜೆ ಐದಕ್ಕೆ, ಇನ್ನೊಂದು ತಾಸಿನಲ್ಲಿ ಕೆಲಸ ಮುಗಿಯುವ ಹೊತ್ತಿನಲ್ಲಿ, ಯಾರೂ ಕರೆಯದೆ ನಿಂತಿದ್ದವರನ್ನೂ ಕಳಿಸುತ್ತಾನೆ. ಕೂಲಿ ಹಂಚುವಾಗ ಎಲ್ಲರಿಗೂ ಒಂದೇ ಸಮನಾಗಿ ಇಡೀ ದಿನದ ಕೂಲಿ. ಬೆಳಗಿನಿಂದ ಬಿಸಿಲಿನಲ್ಲಿ ಬೆಂದವರು ಗೊಣಗಿದ್ದರಲ್ಲಿ ಆಶ್ಚರ್ಯವೇನಿದೆ? ಲೆಕ್ಕ ಬರೆಯುವವರಿಗೆ ಈ ಕಥೆ ಹಿಡಿಸುವುದಿಲ್ಲವೆಂದು ನನ್ನಾಕೆ ಯಾವಾಗಲೂ ನನ್ನನ್ನು ಛೇಡಿಸುತ್ತಿದ್ದಳು.

ನಮ್ಮ ಮುಂಬಯಿಯಲ್ಲಿ ಆ ಪೇಟೆಯನ್ನು ಕಾಣಲು ಸತ್ಯವೇದವನ್ನೇ ತೆರೆಯಬೇಕಾದುದಿಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಯಾವ ಉಪನಗರದ ನಾಕಾಕ್ಕೆ ಹೋದರೂ ಸಾಕು. ಕೈಚೀಲದಲ್ಲಿ ಕರಣೆ, ಬುತ್ತಿ ಇಟ್ಟುಕೊಂಡು ಗಂಡಸರೂ ಹೆಂಗಸರೂ ಗುಂಪುಗುಂಪಾಗಿ ನಿಂತಿರುತ್ತಾರೆ. ಅವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಬಹಳ. ಮುಕಾದಮರು ಬಂದು ಗಟ್ಟಿಮುಟ್ಟಾದವರನ್ನು ಮೊದಲು ಕರೆದೊಯ್ಯುತ್ತಾರೆ. ಹತ್ತು ಹೊಡೆಯಿತೆಂದರೆ ಉಳಿದವರಿಗೆ ಆ ದಿನ ಮುಗಿದಂತೆಯೇ.

ನಿವೃತ್ತಿಯ ಬಳಿಕ ಹೊತ್ತು ಕಳೆಯಲು ನಾನು ಆ ದಾರಿಯಾಗಿ ತಿರುಗಾಡುತ್ತಿದ್ದೆ. ಒಂದು ದಿನ ಹನ್ನೊಂದು ಗಂಟೆಯಾದರೂ ಒಬ್ಬ ಮುದುಕ ಅಲ್ಲಿಯೇ ನಿಂತಿದ್ದ. ಯಾವೂರಪ್ಪ ಎಂದೆ. ಕನ್ನಡ ಕೇಳಿ ಅವನ ಮುಖ ಅರಳಿತು.

“ಯಾದಗಿರಿ ಕಡ್ಯಾವರರಿ. ಮಂದೀನೆಲ್ಲ ಕರಕೊಂಡು ಹೋದ್ರರಿ. ಮುದುಕ ಅಂತ ನನ್ನ ಯಾರೂ ಕರೀಲಿಲ್ಲ.”

ಆ ಮಾತು ನನ್ನನ್ನು ನಿಲ್ಲಿಸಿತು. ಸಾಮ್ಯದಲ್ಲಿ ಸಂಜೆ ಐದರ ಆಳುಗಳೂ ಯಜಮಾನನಿಗೆ ಹೇಳುವುದು ಹೆಚ್ಚು ಕಡಿಮೆ ಇದನ್ನೇ. ದುಡಿತಕ್ಕಿಂತ ದೊಡ್ಡ ದಣಿವು ಕರೆಯಿಲ್ಲದೆ ನಿಲ್ಲುವುದು. ಐದು ತಿಂಗಳಿಂದ ನಾನೂ ಹಾಗೆಯೇ ನಿಂತಿದ್ದೆ.

ಮುದುಕನ ಬಳಿ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಒಂದು ಅರ್ಜಿಯ ಹಾಳೆಯಿತ್ತು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಮಗನ ಹೆಸರು ಬರೆಸಬೇಕು. ಹಾಳೆ ಮರಾಠಿಯಲ್ಲಿದೆ, ಮನೆಯಲ್ಲಿ ಓದಬಲ್ಲವರಿಲ್ಲ. ಚಹದಂಗಡಿಯ ಬೆಂಚಿನ ಮೇಲೆ ಕುಳಿತು ಅದನ್ನು ತುಂಬಿಕೊಟ್ಟೆ. ಮುಂದಿನ ಭಾನುವಾರ ನಾಲ್ವರು ಬಂದರು. ಅದರ ಮುಂದಿನ ವಾರ ಹನ್ನೆರಡು ಜನ.

ತೊಡಕು ಎಲ್ಲಿತ್ತೆಂದರೆ, ೧೯೯೬ರ ಕಾಯಿದೆಯಂತೆ ೧೮ರಿಂದ ೬೦ ವಯಸ್ಸಿನೊಳಗಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ ೯೦ ದಿನ ಕಟ್ಟಡದ ಕೆಲಸ ಮಾಡಿರಬೇಕಾಗಿತ್ತು. ನಾಕಾದಲ್ಲಿ ನಿಲ್ಲುವವನಿಗೆ ದಿನಕ್ಕೊಬ್ಬ ಧಣಿ. ತೊಂಬತ್ತು ದಿನ ದುಡಿದೆನೆಂದು ಅವನ ಪರವಾಗಿ ಯಾರು ಹೇಳಬೇಕು? ಇಲ್ಲಿ ನನ್ನ ಹಳೆಯ ಕಸುಬು ಕೆಲಸಕ್ಕೆ ಬಂತು. ಒಬ್ಬೊಬ್ಬರಿಗೂ ಒಂದೊಂದು ಚಿಕ್ಕ ವಹಿ ಮಾಡಿಕೊಟ್ಟೆ: ತಾರೀಖು, ಕೆಲಸದ ಜಾಗ, ಕೂಲಿ, ಮುಕಾದಮನ ಸಹಿ. ಆ ವಹಿಯೇ ಸರಕಾರಿ ದಾಖಲೆಯಲ್ಲ. ಆದರೆ ಪ್ರಮಾಣಪತ್ರ ಕೇಳಲು ಹೋದವನು ಬರಿಗೈಯಲ್ಲಿ ನಿಲ್ಲಬೇಕಾಗಲಿಲ್ಲ. ಕೂಲಿ ಕಡಿಮೆ ಕೊಟ್ಟ ದಿನವೂ ಅದರಲ್ಲಿ ಕಾಣತೊಡಗಿದ ಮೇಲೆ ಕೆಲವು ಮುಕಾದಮರ ಮಾತು ಮೆತ್ತಗಾದುದುಂಟು.

“ಸಾಹೇಬರ, ಇದರಾಗ ನಿಮಗೇನು ಸಿಗತದರಿ?” ಎಂದು ಅದೇ ಮುದುಕ ಒಮ್ಮೆ ಕೇಳಿದ. ಉಪದೇಶ ಮಾಡುವ ಅಭ್ಯಾಸ ನನಗಿಲ್ಲ. ಕೇಳಿದನಲ್ಲ ಎಂದು ತೋಟದ ಕಥೆಯನ್ನು ಹೇಳಿದೆ. ಒಂದು ತಾಸು ದುಡಿದವನಿಗೂ ಪೂರ್ತಿ ಕೂಲಿ ಸಿಕ್ಕಿತೆಂದಾಗ ಅವನು ನಗಬಹುದೆಂದುಕೊಂಡಿದ್ದೆ; ನಗಲಿಲ್ಲ.

“ಆ ಧಣಿ ತಿಳದಾವ ಇದ್ದಾನ್ರಿ. ಅಪ್ಪ ಅರ್ಧ ದಿನ ದುಡದಾನಂತ ಮನ್ಯಾಗ ಮಕ್ಕಳಿಗೆ ಅರ್ಧ ಹಸಿವು ಆಗತದೇನು?” ಎಂದ.

ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ಯಜಮಾನನ ಲೆಕ್ಕವನ್ನು ಇಷ್ಟು ಚೊಕ್ಕವಾಗಿ ಬಿಡಿಸಿದವರನ್ನು ಕಾಣೆ. ಆಳಿನ ತಾಸುಗಳನ್ನಲ್ಲ, ಅವನ ಮನೆಯ ಒಲೆಯನ್ನು ನೋಡಿ ಕೊಟ್ಟ ಕೂಲಿ ಅದು.

ಕ್ರೈಸ್ತಶ್ರದ್ಧೆ ಬಾಳಿಗೆ ಕೊಡುವ ಗುರಿ ಯಾವುದೆಂದು ಕೇಳಿದರೆ ನಾನು ತತ್ತ್ವ ಹೇಳಲಾರೆ. ಕರೆಯುವವನೊಬ್ಬನಿದ್ದಾನೆ, ಹೊತ್ತು ಮೀರಿತೆಂದು ಅವನು ಬಿಡುವುದಿಲ್ಲ ಎಂಬುದೇ ನನಗೆ ತಿಳಿದ ಮಾತು. ಕರೆದಾಗ ಕೊಡುವ ಕೆಲಸವೋ, ಹಲವು ಸಲ ನಮ್ಮ ಕೈಗೆ ಆಗಲೇ ಬರುವ ಕೆಲಸವೇ ಆಗಿರುತ್ತದೆ. ೧೮೫೩ರಲ್ಲಿ ಸುವಾರ್ತೆ ಸಾರಲೆಂದು ಬಂದ ಕಿಟ್ಟೆಲರು ಕೈಗೆತ್ತಿಕೊಂಡ ನಿಘಂಟು ಬೆಳಕು ಕಂಡದ್ದು ೧೮೯೪ರಲ್ಲಿ, ಅವರ ಅರವತ್ತೆರಡನೆಯ ವಯಸ್ಸಿನಲ್ಲಿ. ಸುಮಾರು ಎಪ್ಪತ್ತು ಸಾವಿರ ಶಬ್ದಗಳು! ನಮ್ಮ ಧಾರವಾಡದಲ್ಲೇ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಪಾದ್ರಿಗಳು. ಅವರು ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಕಾಳು ಹೆಕ್ಕಿದಂತೆ ಹೆಕ್ಕಿ ೧೯೨೪ರಲ್ಲಿ ಪುಸ್ತಕ ಮಾಡಿದರು. ೧೯೪೯ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪಾದ್ರಿಗೂ ಸರ್ವಜ್ಞನಿಗೂ ಏನು ನಂಟು ಎಂದು ಕೇಳಬಹುದು. ಕ್ರಿಸ್ತನನ್ನು ನಂಬಿದವನಿಗೆ ನೆರೆಯವನ ನುಡಿಯಾಗಲಿ ಹಸಿವಾಗಲಿ ಪರಕೀಯವಲ್ಲವೆಂಬುದೇ ಅವರ ಬಾಳು ಕೊಡುವ ಉತ್ತರವೆಂದು ನನಗೆ ತೋರುತ್ತದೆ. ಅವರ ಸಾಧನೆಯ ಪಕ್ಕದಲ್ಲಿ ನನ್ನ ವಹಿಗಳು ಎಷ್ಟರವು! ಆದರೆ ಆ ತೋಟದಲ್ಲಿ ಆಳು ಆಳಿಗೆ ಹೋಲಿಕೆ ಮಾಡುವ ಪದ್ಧತಿಯಿಲ್ಲವಷ್ಟೆ.

ಮನೆಯಲ್ಲಿ ಹೆಂಡತಿಯ ಕುರ್ಚಿ ಈಗಲೂ ಬರಿದೇ ಇದೆ. ಆ ನೋವನ್ನು ಯಾವ ಕೆಲಸವೂ ತುಂಬುವುದಿಲ್ಲ. ತುಂಬಬೇಕೆಂದು ನಾನು ಪ್ರಾರ್ಥಿಸುವುದೂ ಇಲ್ಲ. ಬೆಳಿಗ್ಗೆ ಎದ್ದಾಗ ಹೋಗಬೇಕಾದ ಒಂದು ಜಾಗವಿದೆ ಎಂಬುದಕ್ಕಾಗಿ ಕೃತಜ್ಞನಾಗಿದ್ದೇನೆ.

ನಮ್ಮ ಸಂಘದಲ್ಲಿ ನಿವೃತ್ತರು ಬಹಳ ಮಂದಿ. ಯಾವ ದೇವರಿಗೆ ಕೈಮುಗಿಯುವವರಾದರೂ ಸರಿಯೆ, ಮರಾಠಿ ಓದಿ ಬರೆಯಬಲ್ಲವರು ಇನ್ನೂ ಇಬ್ಬರು ಮೂವರು ಬೇಕು. ಭಾನುವಾರ ನಾಲ್ಕರಿಂದ ಆರರವರೆಗೆ ಕೆಲಸ. ಐದಕ್ಕೆ ಬಂದರೂ ಅಡ್ಡಿಯಿಲ್ಲ.