ಒದೆಯುವ ಪುಣ್ಯಕೋಟಿ

ಹಳೆಯ ದಾನಶಾಸನಗಳನ್ನು ನೋಡಿದವರಿಗೆ ಗೊತ್ತಿರುತ್ತದೆ. ಅಕ್ಷರಗಳ ಮೇಲ್ಗಡೆ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸು. ಈ ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ಬರಲಿ ಎಂಬ ಶಾಪ ಕೆಳಗೆ ಅಕ್ಷರದಲ್ಲಿ ಇರುತ್ತದೆ, ಓದಲು ಬಾರದವನಿಗೆ ಮೇಲೆ ಹಸು ಇದೆ. ಕಲ್ಲಿನ ಹಸು ಬಹಳ ಒಳ್ಳೆಯದು. ನಾಲ್ಕೂ ಕಾಲು ನೆಲದ ಮೇಲೆ ಊರಿ ನಿಂತಿರುತ್ತದೆ. ಒದೆಯುವ ಹಸುವನ್ನು ಯಾವ ಶಿಲ್ಪಿಯೂ ಕೆತ್ತಿದ್ದನ್ನು ನಾನು ಕಂಡಿಲ್ಲ. ಪುಣ್ಯಕೋಟಿಯ ಕತೆ ಕೇಳಿ ಬೆಳೆದ ಊರಿನಲ್ಲಿ ಯಾರಿಗೆ ಅಂಥ ಯೋಚನೆ ಬಂದೀತು?

ನನಗೆ ಬಂದದ್ದು ಮದುವೆಯಾಗಿ ಉಳ್ಳಾಲಕ್ಕೆ ಬಂದ ಮೇಲೆ. ತೊಕ್ಕೊಟ್ಟಿನಿಂದ ಕಡಲಿನ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಮನೆ, ಹಿತ್ತಿಲೆಲ್ಲ ಹೊಯ್ಗೆ, ತೆಂಗು, ಮೂಲೆಯಲ್ಲಿ ಹಟ್ಟಿ, ಹಟ್ಟಿಯಲ್ಲಿ ನಮ್ಮ ಹಸು ಗೌರಿ. ಗೌರಿಯ ತಾಯಿ ಊರದನ, ಈಗ ಪುಸ್ತಕಗಳಲ್ಲಿ ಮಲೆನಾಡು ಗಿಡ್ಡ ಎಂದು ಮರ್ಯಾದೆಯಿಂದ ಕರೆಯುತ್ತಾರಲ್ಲ, ಅದು. ತಂದೆ ಇಂಜೆಕ್ಷನ್ನಿನಲ್ಲಿ ಬಂದ ಜರ್ಸಿ. ಎತ್ತರ ತಂದೆಯದು, ಸಿಟ್ಟು ತಾಯಿಯದು. ಆಟಿಯ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಬೆಳಗಿನ ಜಾವ ಅವಳು ಚೊಚ್ಚಲ ಕರು ಹಾಕಿದಳು. ಎದ್ದು ನಿಂತು, ಹಿಂದೆ ತಿರುಗಿ ಆ ಒದ್ದೆ ವಸ್ತುವನ್ನು ನೋಡಿ ಬುಸುಗುಟ್ಟಿ, ಹಗ್ಗ ಎಷ್ಟು ಬಿಡುತ್ತದೋ ಅಷ್ಟು ದೂರ ಸರಿದಳು. ಕರು ತೂರಾಡಿಕೊಂಡು ಕೆಚ್ಚಲಿನ ಹತ್ತಿರ ಹೋದಾಗ ಬಿತ್ತು ಒದೆ.

ಹಟ್ಟಿಯ ಬಾಗಿಲಲ್ಲಿ ಆಗಲೇ ಜನ ಸೇರಿದ್ದರು. ಅತ್ತೆಯ ತೀರ್ಮಾನ ಸ್ಪಷ್ಟವಿತ್ತು: ಮಾಸು ಬೀಳುವ ತನಕ ಕರುವನ್ನು ಬಿಡಬಾರದು, ಅದು ಹಿಂದಿನಿಂದ ಬಂದ ಕ್ರಮ. ಕ್ರಮವನ್ನು ಪ್ರಶ್ನಿಸುವಷ್ಟು ಹಳೆಯ ಸೊಸೆ ನಾನಾಗಿರಲಿಲ್ಲ. ಪ್ರಶ್ನಿಸಿದವರು ಆಚೆಮನೆಯ ಉಮ್ಮ. ಬ್ಯಾರಿ ಮನೆತನದ ಈ ಹಿರಿಯಾಕೆಯನ್ನು ಅವರ ಮಕ್ಕಳ ಬಾಯಿಂದ ಕೇಳಿ ಕೇಳಿ ಇಡೀ ಓಣಿಯೇ ಉಮ್ಮ ಎನ್ನುತ್ತಿತ್ತು. ಗಂಡ ತೀರಿದ ಮೇಲೆ ದನ ಸಾಕಿಯೇ ಸಂಸಾರ ದಡ ಸೇರಿಸಿದವರು.

"ಎಂತ ಅಕ್ಕಾ, ಮಾಸು ಬೀಳ್ಬೇಕಾದ್ರೆ ಕರು ಚೀಪ್ಬೇಕು. ಕರು ಚೀಪ್ಬೇಕಾದ್ರೆ ಮಾಸು ಬೀಳ್ಬೇಕು ಅಂತ ನೀವು ಕೂತ್ರೆ ಎರಡೂ ಆಗುದಿಲ್ಲ."

ಅತ್ತೆಗೆ ಇದು ಹಿಡಿಸಲಿಲ್ಲ, ಆದರೆ ಉಮ್ಮ ಹೇಳಿದ್ದು ಪಶುವೈದ್ಯರ ಮಾತೇ. ಕರು ಮೊಲೆ ಚೀಪಿದಾಗ ತಾಯಿಯ ಮೆದುಳಿನಿಂದ ಇಳಿಯುವ ಆಕ್ಸಿಟೋಸಿನ್ ಹಾಲನ್ನು ಮೊಲೆಗೆ ತಳ್ಳುತ್ತದೆ, ಗರ್ಭಕೋಶವನ್ನೂ ಹಿಂಡುತ್ತದೆ. ಮಾಸು ಬೀಳಲು ಅದೂ ಒಂದು ಸಹಾಯ. ಕರುವಿನ ಕಡೆಯಿಂದ ನೋಡಿದರೆ ಅವಸರ ಇನ್ನೂ ಹೆಚ್ಚು. ಮನುಷ್ಯರ ಕೂಸಿಗೆ ತಾಯಿಯ ರೋಗನಿರೋಧಕ ಕಣಗಳು ಹೊಟ್ಟೆಯಲ್ಲಿರುವಾಗಲೇ ಸಿಗುತ್ತವೆ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಬೇಕಾದದ್ದೆಲ್ಲ ಗಿಣ್ಣುಹಾಲಿನಲ್ಲಿದೆ, ಅದನ್ನು ಹಾಗೆಯೇ ರಕ್ತಕ್ಕೆ ಸೇರಿಸಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಸುಮಾರು ಒಂದು ದಿನ. ಅದೂ ತಾಸು ತಾಸಿಗೆ ಇಳಿಯುತ್ತ ಹೋಗುತ್ತದೆ. ಮಾಸಿಗೆ ಕಾಯುತ್ತ ಎಷ್ಟು ಹಟ್ಟಿಗಳಲ್ಲಿ ಎಷ್ಟು ಕರುಗಳು ಸೊರಗಿದವೋ!

ಉಮ್ಮ ಮೊದಲು ಮಾಡಿದ ಕೆಲಸ ನಮ್ಮನ್ನೆಲ್ಲ ಹೊರಗೆ ಹಾಕಿದ್ದು. ನಾಯಿಯನ್ನೂ. ದನ ಹೆದರಿದರೆ ಹಾಲು ಮೇಲಕ್ಕೇರುತ್ತದೆ ಎಂದರು. ಆಮೇಲೆ ಕರುವನ್ನು ಮೆಲ್ಲ ಎಳೆದು ಗೌರಿಯ ಮೂತಿಯ ಮುಂದೆ ಮಲಗಿಸಿದರು, ಅದರ ಮೈಮೇಲಿನ ಲೋಳೆಯನ್ನು ಕೈಯಲ್ಲಿ ಬಳಿದು ಗೌರಿಯ ಮೂಗಿಗೆ ಹಚ್ಚಿದರು. ನನ್ನನ್ನು ಕರೆದು, "ಮಗಾ, ತೌಡು ತಾ, ಉಪ್ಪು ತಾ. ಅಡಿಗೆ ಉಪ್ಪು, ನನ್ನ ಮೀನಿನ ಭರಣಿದ್ದಲ್ಲ" ಎಂದರು. ಉಪ್ಪು ಬೆರೆಸಿದ ತೌಡನ್ನು ಕರುವಿನ ಬೆನ್ನ ಮೇಲೆ ಉದುರಿಸಿದರು. ಗೌರಿ ಬಹಳ ಹೊತ್ತು ಯೋಚಿಸಿದಳು. ನಾಲಗೆ ಚಾಚಿ ಒಮ್ಮೆ ನೆಕ್ಕಿ, ಮುಖ ತಿರುಗಿಸಿ, ಮತ್ತೆ ನೆಕ್ಕಿದಳು. ಉಪ್ಪು ಮುಗಿದ ಮೇಲೂ ನೆಕ್ಕುತ್ತಿದ್ದಳು. ಆಸೆ ಯಾವಾಗ ಪ್ರೀತಿಯಾಯಿತು ಎಂದು ಹೇಳುವುದು ಕಷ್ಟ, ಮನುಷ್ಯರಲ್ಲೂ ಕಷ್ಟವೇ.

1977ರಲ್ಲಿ ಹಡ್ಸನ್ ಮತ್ತು ಮುಲ್ಲಾರ್ಡ್ ಎಂಬಿಬ್ಬರು ತಾಯಿ ಕರುವನ್ನು ಒಪ್ಪುವ ಬಗೆಯನ್ನು ಪರೀಕ್ಷಿಸಿ ಪ್ರಕಟಿಸಿದರು. ಹುಟ್ಟಿದ ಕೂಡಲೇ ಐದು ನಿಮಿಷ ಕರು ಜತೆಗಿದ್ದರೆ ಸಾಕು, ತಾಯಿ ಅದನ್ನು ತನ್ನದೆಂದು ಹಿಡಿಯುತ್ತದೆ. ಹುಟ್ಟಿದೊಡನೆ ಬೇರೆ ಮಾಡಿ ಕೆಲವು ತಾಸು ಬಿಟ್ಟು ತಂದರೆ ಹಲವು ತಾಯಂದಿರು ಒಪ್ಪುವುದಿಲ್ಲ.

ನೆಕ್ಕಿದ ಮಾತ್ರಕ್ಕೆ ಹಾಲು ಕೊಟ್ಟಂತಲ್ಲ. ಚೊಚ್ಚಲಿನ ಕೆಚ್ಚಲು ಬಾತು ಗಟ್ಟಿಯಾಗಿರುತ್ತದೆ, ಮುಟ್ಟಿದರೆ ನೋವು. ಉಮ್ಮ ಬಿಸಿನೀರಿನ ಬಟ್ಟೆಯಲ್ಲಿ ಕೆಚ್ಚಲು ಒತ್ತಿ, ಮೊದಲ ನಾಲ್ಕು ಧಾರೆ ಕೈಯಲ್ಲೇ ಕರೆದು ಕರುವಿನ ಬಾಯಿಗೆ ಬಿಟ್ಟರು. ಗೌರಿಯ ತಲೆ ಹಿಂಡಿಯ ಬಕೆಟ್ಟಿನಲ್ಲಿದ್ದಾಗ ಕರುವನ್ನು ಪಕ್ಕದಿಂದ ಹಚ್ಚಿದರು. ಒದೆಯಲು ಕಾಲೆತ್ತಿದರೆ "ಏ ಹೆಣ್ಣೇ!" ಎಂದು ಗದರಿಸಿ, ಆ ಗದರಿಕೆಯ ಜತೆಗೇ ಬೆನ್ನು ತುರಿಸುವುದು. ಮಧ್ಯಾಹ್ನಕ್ಕೆ ಮೊದಲೇ ಮಾಸು ಬಿತ್ತು. ಅತ್ತೆ ಏನೂ ಹೇಳದೆ ಉಮ್ಮನಿಗೆ ಚಹಾ ಮಾಡಿದರು. ಒದೆ ಪೂರ್ತಿ ನಿಂತದ್ದು ಎಷ್ಟೋ ದಿನಗಳ ಮೇಲೆ.

ಹಸುವಿನಿಂದ ತೊರೆ ಬಿಡಿಸಲು, ಅಂದರೆ ಹಾಲು ಇಳಿಸಲು, ಮನುಷ್ಯ ಮಾಡದ ಉಪಾಯವಿಲ್ಲ. ಈಜಿಪ್ಟಿನ ರಾಣಿ ಕಾವಿತ್‌ಳ ಶವಪೆಟ್ಟಿಗೆ ನಾಲ್ಕು ಸಾವಿರ ವರ್ಷ ಹಳೆಯದು. ಅದರ ಮೇಲೆ ಒಬ್ಬ ಹಾಲು ಕರೆಯುತ್ತಿದ್ದಾನೆ, ಕರುವನ್ನು ಹಸುವಿನ ಮುಂಗಾಲಿಗೆ ಕಟ್ಟಿದ್ದಾನೆ, ಹಸುವಿನ ಕಣ್ಣಿಂದ ಒಂದು ಹನಿ ಇಳಿದಿದೆ. ನಮ್ಮ ಶಿಲ್ಪಿಗಳು ಬಿಟ್ಟದ್ದನ್ನು ಈಜಿಪ್ಟಿನ ಶಿಲ್ಪಿ ಕೆತ್ತಿದ. ಸಿಥಿಯನ್ನರು ಕುದುರೆಯ ಯೋನಿಗೆ ಮೂಳೆಯ ಕೊಳವೆ ಇಟ್ಟು ಊದಿ ಹಾಲು ಕರೆಯುತ್ತಿದ್ದರೆಂದು ಹೆರೊಡೋಟಸ್ ಬರೆದಿದ್ದಾನೆ. ಅದರ ನಂಟನೇ ನಮ್ಮಲ್ಲಿ ದನಗಳಿಗೆ ಮಾಡುತ್ತಿದ್ದ ಫೂಕಾ. ಅದನ್ನು ತಿಳಿದು ಗಾಂಧೀಜಿ ಹಾಲನ್ನೇ ಬಿಡುವ ಪ್ರತಿಜ್ಞೆ ಮಾಡಿದರು. ಮುಂದೆ ಕಾಯಿಲೆಯಲ್ಲಿ ಮಲಗಿದ್ದಾಗ, ಹಾಗಾದರೆ ಆಡಿನ ಹಾಲಿಗೆ ಏನು ಅಡ್ಡಿ ಎಂದು ದಾರಿ ತೋರಿಸಿದವರು ಕಸ್ತೂರಬಾ. ಪ್ರತಿಜ್ಞೆಯ ಸಂದು ಹುಡುಕಲು ಹೆಂಡತಿಯೇ ಬೇಕು. ಫೂಕಾ ಮಾಡುವವರಿಗೆ ಶಿಕ್ಷೆ ಎಂದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೆಯ ಕಲಮು ಹೇಳುತ್ತದೆ. ಕೊಳವೆ ಹೋಗಿ ಸೂಜಿ ಬಂತು. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಪ್ರಯೋಗಾಲಯದಲ್ಲಿ ತಯಾರಿಸಿದ ಆಕ್ಸಿಟೋಸಿನ್‌ಗೆ 1955ರಲ್ಲಿ ನೊಬೆಲ್ ಸಿಕ್ಕಿತು. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಿಸಿ ತಾಯಂದಿರನ್ನು ಉಳಿಸುವ ಅದೇ ಔಷಧ, ಕರುವಿಲ್ಲದ ಹಟ್ಟಿಗಳಲ್ಲಿ ದಿನಕ್ಕೆರಡು ಹೊತ್ತು ಹಸುವಿನ ಚರ್ಮಕ್ಕಿಳಿಯತೊಡಗಿತು. 2018ರಲ್ಲಿ ಕೇಂದ್ರ ಸರ್ಕಾರ ಇದನ್ನು ನಿಲ್ಲಿಸಲು ಖಾಸಗಿಯವರಿಗೆ ತಡೆ ಹಾಕಿ, ದೇಶಕ್ಕೆಲ್ಲ ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಒಂದೇ ತಯಾರಿಸಲಿ ಎಂದಿತು. ಬಾಣಂತಿಯರ ಗತಿ ಏನು ಎಂದು ದೆಹಲಿ ಹೈಕೋರ್ಟು ಅದೇ ವರ್ಷದ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಕೋರ್ಟು ಹೇಳಿದ್ದು ಸರಿ. ಆದರೂ ಹಿಡಿ ಉಪ್ಪಿನಲ್ಲಿ ಆಗುವ ಕೆಲಸಕ್ಕೆ ಸೂಜಿ ಹಿಡಿದವನ ಮೇಲೆ ನನಗಿರುವ ಸಿಟ್ಟು ಇಳಿದಿಲ್ಲ.

ಗೌರಿ ಎರಡನೆಯ ಕರು ಹಾಕಿದಾಗ ನಾನು ಓಡಿಹೋಗಿ ಉಮ್ಮನನ್ನು ಕರೆದೆ. ನಾವು ಹಟ್ಟಿಗೆ ಬರುವಷ್ಟರಲ್ಲಿ ಕರು ಅರ್ಧ ಒಣಗಿತ್ತು, ಬಾಲ ಆಡಿಸುತ್ತ ಚೀಪುತ್ತಿತ್ತು. ಉಮ್ಮ ಒಂದು ಹೆಜ್ಜೆ ಒಳಗಿಟ್ಟರು. ಗೌರಿ ಕೊಂಬು ತಗ್ಗಿಸಿ ಹಗ್ಗ ಜಗ್ಗಿ ಬಂದಳು. ಉಮ್ಮ ವಯಸ್ಸಿಗೆ ಮೀರಿದ ಚುರುಕಿನಿಂದ ಹೊರಗೆ ಹಾರಿ, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ನನ್ನ ಕೈಯಲ್ಲಿದ್ದ ಬಟ್ಟಲನ್ನು ನೋಡಿದರು.

"ಇವಳಿಗೆ ಇನ್ನು ನಾವು ಬೇಡ ಮಗಾ. ಆ ಉಪ್ಪು ಸಾರಿಗೆ ಹಾಕು."