ನಾಯಿಗೊಂದು ಗೋರಿ, ಹೋಟೆಲಿಗೊಂದು ದಾರಿ!

ಪಬ್ಲಿಸಿಟಿ ಅನ್ನೋದು ಸಿನಿಮಾದವರು ಕಂಡುಹಿಡಿದ ವಿದ್ಯೆ ಅಂತ ತಿಳಿದಿದ್ದೀರಾ ಓದುಗ ಮಿತ್ರರೇ? ಖಂಡಿತ ಅಲ್ಲ! ಸಿನಿಮಾ ಹುಟ್ಟೋಕೆ ಸುಮಾರು ನೂರು ವರ್ಷ ಮೊದಲೇ, ವೇಲ್ಸ್ ದೇಶದ ಬೆಟ್ಟದೂರಿನ ಒಬ್ಬ ಹೋಟೆಲಿನವನು ಆ ವಿದ್ಯೆಯನ್ನು ಅರೆದು ಕುಡಿದಿದ್ದ. ಪೋಸ್ಟರ್ ಇಲ್ಲ, ಕಟೌಟ್ ಇಲ್ಲ, ಮೈಕು ಕಟ್ಟಿದ ಜಟಕಾ ಇಲ್ಲ. ಒಂದಷ್ಟು ಕಲ್ಲು ನೆಟ್ಟ, ಅಷ್ಟೇ. ಇನ್ನೂರು ವರ್ಷವಾದರೂ ಆ ಶೋ ಇನ್ನೂ ಓಡ್ತಾ ಇದೆ!

ಆಸಾಮಿಯ ಹೆಸರು ಡೇವಿಡ್ ಪ್ರಿಚರ್ಡ್. ಊರು ಬೆಡ್‌ಗೆಲರ್ಟ್. ಹೋಟೆಲಿನ ಹೆಸರು 'ಗೋಟ್', ಅಂದ್ರೆ ನಮ್ಮ ಮೇಕೆಯೇ. ಆ ಬೆಟ್ಟಗಳಲ್ಲಿ ಕಾಡುಮೇಕೆಗಳು ಇವತ್ತಿಗೂ ಮೇಯುತ್ತವೆ. ಮುಂದೆ ಮೇಕೆಗೂ ರಾಜಮರ್ಯಾದೆ ಸಿಕ್ಕಿ ಅದು 'ರಾಯಲ್ ಗೋಟ್' ಆಯಿತು.

ನಾನು ಹೋದದ್ದು ಕೋಟೆಯೂರು ಕರ್ನಾರ್ವನ್‌ನಿಂದ ಹೊರಡುವ ಉಗಿಬಂಡಿಯಲ್ಲಿ. ಹಳಿಯ ಅಗಲ ಎರಡಡಿಯಷ್ಟೇ. ಬೆಡ್‌ಗೆಲರ್ಟ್‌ವರೆಗೆ ಈ ಗಾಡಿ ಮತ್ತೆ ಓಡತೊಡಗಿದ್ದು 2009ರಲ್ಲಿ. ಬೆಟ್ಟ ಸುತ್ತಿ ಸುತ್ತಿ ಇಳಿದರೆ ಎರಡು ಹೊಳೆ ಕೂಡುವ ಜಾಗ, ಒಂದು ಕಲ್ಲಿನ ಸೇತುವೆ, ಒಂದು ಹಿಡಿ ಮನೆಗಳು. ಗೋಡೆಗೆ ಕಪ್ಪು ಬೂದು ಕಲ್ಲು, ಮಾಡಿಗೆ ಸ್ಲೇಟು. ನಾವು ಬಳಪದಲ್ಲಿ ಅ ಆ ಇ ಈ ತಿದ್ದಿದೆವಲ್ಲ, ಅದೇ ಸ್ಲೇಟು ಸ್ವಾಮಿ! ಸುತ್ತಲ ಬೆಟ್ಟ ಅಗೆದರೆ ಸಿಗೋದೇ ಅದು. ಮಳೆ ಬಿದ್ದಾಗ ಇಡೀ ಊರು ಆಗ ತಾನೇ ಒರೆಸಿದ ಪಾಟಿಯ ಹಾಗೆ ಹೊಳೆಯುತ್ತೆ.

ಇಷ್ಟು ಪುಟ್ಟ ಊರಿಗೆ ಅಷ್ಟು ದೊಡ್ಡ ಹೋಟೆಲ್ ಯಾಕೆ? ನೋಡಿದ ತಕ್ಷಣ ಕೇಳಬೇಕಾದ ಪ್ರಶ್ನೆ ಇದೇ. ಸಾಲು ಕಿಟಕಿ, ಸಾಲು ಹೊಗೆಗೂಡು. ಚಳಿಗೆ ಬೆಂಕಿ ಉರಿಸುತ್ತಿದ್ದ ಕಾಲದ ಗುರುತು. 1793ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಹತ್ತಿಕೊಂಡಿತು. ಯೂರೋಪಿನ ದಾರಿ ಮುಚ್ಚಿದಾಗ ಇಂಗ್ಲೆಂಡಿನ ಸಾಹುಕಾರರು ವೇಲ್ಸ್ ಬೆಟ್ಟಗಳ ಕಡೆ ಸಾರೋಟು ತಿರುಗಿಸಿದರು. ಅವರಿಗಾಗಿ 1800ರ ಸುಮಾರಿಗೆ ಎದ್ದದ್ದು ಗೋಟ್. ಅದರ ಮೊದಲ ಯಜಮಾನ, ದಕ್ಷಿಣ ವೇಲ್ಸಿನಿಂದ ಬಂದ ನಮ್ಮ ಪ್ರಿಚರ್ಡ್.

ಹೋಟೆಲೇನೋ ಎದ್ದಿತು. ಗಿರಾಕಿ ಒಂದು ರಾತ್ರಿ ಇಲ್ಲೇ ಉಳಿಯೋಕೆ ಕಾರಣ ಬೇಡವೇ? ಕೋಟೆ ನೋಡಬೇಕಾದರೆ ಕರ್ನಾರ್ವನ್‌ಗೆ ಹೋಗಬೇಕು. ಇಲ್ಲಿರೋದು ಒಂದು ಹೆಸರು ಮಾತ್ರ. ವೇಲ್ಸ್ ಭಾಷೆಯಲ್ಲಿ 'ಬೆಡ್' ಅಂದ್ರೆ ಗೋರಿ. ಗೆಲರ್ಟ್ ಯಾರು? ಬಹುಶಃ ಸಾವಿರ ವರ್ಷಕ್ಕೂ ಹಿಂದಿನ ಸೆಲರ್ಟ್ ಎಂಬ ಒಬ್ಬ ಸಂತ. ಸಂತನನ್ನು ನೋಡೋಕೆ ಯಾರು ಬರ್ತಾರೆ? ಪ್ರಿಚರ್ಡ್ ಆ ಸೀಮೆಯ ಗಾಳಿಯಲ್ಲಿದ್ದ ಒಂದು ಕಥೆ ಹಿಡಿದು ತಂದ.

13ನೇ ಶತಮಾನದ ವೇಲ್ಸ್ ರಾಜ ಲೆವೆಲಿನ್. ಅವನ ಮೆಚ್ಚಿನ ಬೇಟೆನಾಯಿ ಗೆಲರ್ಟ್. ರಾಜ ಬೇಟೆಯಿಂದ ಬಂದು ನೋಡಿದರೆ ತೊಟ್ಟಿಲು ಮಗುಚಿದೆ, ಮಗು ಇಲ್ಲ, ನಾಯಿಯ ಬಾಯೆಲ್ಲ ರಕ್ತ. ಕತ್ತಿ ಹಿರಿದು ತಿವಿದೇ ಬಿಟ್ಟ. ಆಗ ಮಗು ಅತ್ತಿತು! ತೊಟ್ಟಿಲ ಕೆಳಗೆ ಕೂಸು ಸುರಕ್ಷಿತ, ಪಕ್ಕದಲ್ಲಿ ಸತ್ತ ತೋಳ.

ಏನು, ಎಲ್ಲೋ ಕೇಳಿದ ಹಾಗಿದೆಯಾ? ಕೇಳದೆ ಏನು! ಅಜ್ಜಿ ಹೇಳಿದ್ದು ಇದನ್ನೇ. ತೋಳದ ಜಾಗಕ್ಕೆ ಹಾವು ಹಾಕಿ, ನಾಯಿಯ ಜಾಗಕ್ಕೆ ಮುಂಗುಸಿ ಹಾಕಿ. ನಮ್ಮ ಪಂಚತಂತ್ರದ ಸ್ಟೋರಿ ಪರ್ಷಿಯಾ, ಅರಬ್ಬಿ ದೇಶ ದಾಟಿ, ಲ್ಯಾಟಿನ್ ಕಲಿತು, ವೇಲ್ಸಿನಲ್ಲಿ ನಾಯಿಯಾಗಿ ಬೊಗಳಿತು. ಇದರ ಮೂಲ ಭಾರತ ಅಂತ ಜೋಸೆಫ್ ಜೇಕಬ್ಸ್ ಎಂಬ ಪಂಡಿತರು 1892ರಲ್ಲೇ ಬರೆದಿಟ್ಟಿದ್ದಾರೆ. ರೈಟ್ಸ್ ಕೊಳ್ಳದೆ ಮಾಡಿದ ರೀಮೇಕ್!

ಪ್ರಿಚರ್ಡ್ ಹೊಳೆದಡದ ಹುಲ್ಲುಗಾವಲಿನಲ್ಲಿ ಕಲ್ಲು ನಿಲ್ಲಿಸಿ "ಇದೇ ಆ ನಾಯಿಯ ಗೋರಿ" ಅಂದ. ಸ್ಪೆನ್ಸರ್ ಎಂಬ ಕವಿ 1800ರಲ್ಲಿ ಪದ್ಯ ಕಟ್ಟಿದ, ಸಂಗೀತಗಾರ ಹೇಡನ್ ಅದನ್ನು ರಾಗಕ್ಕೆ ಕೂಡಿಸಿದ. ಹಾಡು ಹಿಟ್ ಆದ್ರೆ ಪಿಕ್ಚರ್ ಹಿಟ್ ಅನ್ನೋದು ನಿಮಗೆ ಹೇಳಬೇಕೇ? 1854ರಲ್ಲಿ ಇಲ್ಲಿಯ ಹೋಟೆಲಿಗೆ ಬಂದ ಜಾರ್ಜ್ ಬಾರೋ ಎಂಬ ಲೇಖಕ ಕಟ್ಟಡ ದೊಡ್ಡದು, ಅನುಕೂಲವಾಗಿದೆ ಅಂತ ಒಪ್ಪಿಕೊಂಡು, ಅಲ್ಲಿದ್ದ ಗಿರಾಕಿಗಳನ್ನು ಮಾತ್ರ ಚೆನ್ನಾಗಿ ಝಾಡಿಸಿದ್ದಾನೆ.

ನಾನು ಪಿಯುಸಿ ಬಿಟ್ಟು ಪೆನ್ನು ಹಿಡಿದವನು, ಕಾಲಂ ಲೆಕ್ಕದಲ್ಲಿ ಕಾಸು ಎಣಿಸುವವನು. ಪ್ರಿಚರ್ಡನನ್ನು ಸುಳ್ಳುಗಾರ ಅಂತ ಬೈಯೋಕೆ ನನಗೆ ಬಾಯಿ ಬರೋದಿಲ್ಲ. ಅವನ ಸುಳ್ಳು ಎಷ್ಟು ತಲೆಮಾರಿಗೆ ಅನ್ನ ಹಾಕಿದೆ! ಮರದ ನೆರಳು, ಸುತ್ತ ಕಬ್ಬಿಣದ ಬೇಲಿ, ಕಥೆ ಕೊರೆದ ಸ್ಲೇಟು. ಎಲ್ಲ ಗೊತ್ತಿದ್ದೂ ಅಲ್ಲಿ ನಿಂತಾಗ ನನ್ನ ಗಂಟಲು ಕಟ್ಟಿತು, ಸುಳ್ಳು ಹೇಳಲ್ಲ. ಆದರೆ ಹೊಟ್ಟೆ ಉರಿದದ್ದು ಆಮೇಲೆ. ಹಳೇ ಮಠವಿದ್ದ ಜಾಗದ ಸೇಂಟ್ ಮೇರಿ ಚರ್ಚಿಗೆ ಹೋದೆ. ಗೋರಿಯ ಹತ್ತಿರ ಫೋಟೋ ತೆಗೆಯಲು ಸಾಲು, ಇಲ್ಲಿ ನಾನೊಬ್ಬನೇ. ಊರಿಗೆ ತನ್ನ ಹೆಸರನ್ನೇ ಕೊಟ್ಟ ಸಂತನ ಪಾತ್ರ ಎಡಿಟಿಂಗ್‌ನಲ್ಲಿ ಕತ್ತರಿಸಿಹೋಗಿತ್ತು.

ಈ ಸೀಮೆಯ ಮಣ್ಣಿನಲ್ಲೇ ನಟನೆ ಇದೆಯೋ ಏನೋ! 1958ರಲ್ಲಿ 'ದಿ ಇನ್ ಆಫ್ ದಿ ಸಿಕ್ಸ್ತ್ ಹ್ಯಾಪಿನೆಸ್' ಚಿತ್ರಕ್ಕಾಗಿ ಇಲ್ಲೇ ಹತ್ತಿರ ಚೀನಾದ ಊರನ್ನು ಕಟ್ಟಿದರು. ಅದೂ ಹೋಟೆಲ್ ನಡೆಸುವವಳ ಕಥೆಯೇ! ನಾಯಕಿ ಇಂಗ್ರಿಡ್ ಬರ್ಗ್‌ಮನ್. ಚೀನೀ ಮಕ್ಕಳನ್ನು ಲಿವರ್‌ಪೂಲಿನಿಂದ ಕರೆಸಿದ್ದರು. ಸೆಟ್ಟಿನ ಚಿನ್ನದ ಬಣ್ಣದ ಬುದ್ಧ ಇವತ್ತಿಗೂ ಪಕ್ಕದ ಪೋರ್ಟ್‌ಮೇರಿಯನ್‌ನಲ್ಲಿ ಕೂತಿದ್ದಾನೆ. 1968ರ 'ಕ್ಯಾರಿ ಆನ್ ಅಪ್ ದಿ ಖೈಬರ್' ಚಿತ್ರದಲ್ಲಿ ಇಲ್ಲಿಯ ಸ್ನೋಡನ್ ಬೆಟ್ಟವೇ ಖೈಬರ್ ಕಣಿವೆ! 2003ರಲ್ಲಿ ಏಂಜಲೀನಾ ಜೋಲಿಯ ಎರಡನೇ 'ಟೂಂಬ್ ರೈಡರ್'ಗೆ ಇದೇ ಸೀಮೆ ಮತ್ತೆ ಚೀನಾ ಆಯಿತು.

ಇನ್ನು ಪ್ರಿಚರ್ಡ್. ಸತ್ತ ಮೇಲೆ ಅವನನ್ನೂ ಊರು ಕಥೆ ಮಾಡಿತು. ಹೇಳದೆ ಕೇಳದೆ ತೀರಿಕೊಂಡವನು ದೆವ್ವವಾಗಿ ಹಳೇ ಆಳಿನ ಎದುರು ಬಂದನಂತೆ. "ಹೋಟೆಲಿನ ಒಲೆಕಲ್ಲಿನ ಕೆಳಗೆ ನೂರು ಗಿನಿ ಇಟ್ಟಿದ್ದೇನೆ, ನನ್ನ ಹೆಂಡತಿಗೆ ಹೇಳು" ಅಂದನಂತೆ. ಕಲ್ಲು ಎತ್ತಿದರೆ ದುಡ್ಡು ಇತ್ತಂತೆ! ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಕಥೆ ಮಾತ್ರ ಪ್ರಿಚರ್ಡನ ಊರಿನದು.